ಬೂಮ್ ಲಿಫ್ಟ್ ಹತ್ತಿದವನನ್ನು ಇಳಿಸುವವರು ಯಾರು?

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರ ಬಂತು ಅಂದರೆ ಪೀಣ್ಯ, ಬೊಮ್ಮಸಂದ್ರದಂಥ ಕಡೆ ಶೆಡ್ಡುಗಳ ಮೇಲೆ ಕೆಲಸ ಶುರುವಾಗುತ್ತದೆ. ಒಡೆದ ಶೀಟ್ ಬದಲಾಯಿಸಬೇಕು, ನೀರಿನ ದೋಣಿಯಲ್ಲಿ ಕಟ್ಟಿಕೊಂಡ ಎಲೆ ಕಸ ತೆಗೆಯಬೇಕು, ಉರಿಯದ ಲೈಟು ಸರಿ ಮಾಡಬೇಕು. ಮೊದಲೆಲ್ಲ ಇದಕ್ಕೆ ಏಣಿ, ಇಲ್ಲವೇ ಸಾರ್ವೆ. ಈಗ ಉದ್ದ ತೋಳಿನ ತುದಿಯ ಬ್ಯಾಸ್ಕೆಟ್‌ನಲ್ಲಿ ಆಳನ್ನು ಎತ್ತುವ ಬೂಮ್ ಲಿಫ್ಟ್, ಕತ್ತರಿಯ ಹಾಗೆ ಬಿಚ್ಚಿಕೊಂಡು ನೇರ ಮೇಲೇಳುವ ಸಿಸರ್ ಲಿಫ್ಟ್ ದಿನದ ಬಾಡಿಗೆಗೆ ಸಿಗುತ್ತವೆ. ಒಳ್ಳೆಯದೇ ಆಯಿತು. ಸಿಮೆಂಟ್ ಶೀಟ್ ಮೇಲೆ ಕಾಲಿಟ್ಟು, ಅದು ಮುರಿದು ಕೆಳಗೆ ಬೀಳುವುದಕ್ಕಿಂತ ಬ್ಯಾಸ್ಕೆಟ್‌ನಲ್ಲಿ ನಿಂತು ಕೆಲಸ ಮಾಡುವುದು ಸಾವಿರ ಪಾಲು ವಾಸಿ. (ಫೋರ್ಕ್‌ಲಿಫ್ಟ್ ಮೇಲೆ ಪ್ಯಾಲೆಟ್ ಇಟ್ಟು ಹುಡುಗನನ್ನು ಎತ್ತುವವರು, ಜೆಸಿಬಿ ಬಕೆಟ್‌ನಲ್ಲಿ ನಿಲ್ಲಿಸಿ ಎತ್ತುವವರು ಇನ್ನೂ ಇದ್ದಾರೆ. ಅವರ ಬಗ್ಗೆ ಬರೆದರೆ ನನ್ನ ಬಿಪಿ ಜಾಸ್ತಿಯಾಗುತ್ತದೆ, ಬಿಡಿ.)

ನನ್ನ ತಕರಾರು ಬೇರೆ. ಮಷೀನ್ ಬಂದ ಕೂಡಲೇ ಎಲ್ಲರೂ ನೋಡುವುದು ಮೇಲೆ ಹೋಗುವವನನ್ನು. ಬೆಲ್ಟ್ ಹಾಕಿದ್ದಾನಾ, ಹೆಲ್ಮೆಟ್ ಇದೆಯಾ, ಒಂದು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸೇಫ್ಟಿ ಮುಗಿಯಿತು. ಕೆಳಗೆ ಯಾರು ನಿಂತಿದ್ದಾರೆ, ಅವನಿಗೆ ಆ ಬ್ಯಾಸ್ಕೆಟ್ ಇಳಿಸೋದಕ್ಕೆ ಬರುತ್ತಾ ಅಂತ ಯಾರೂ ಕೇಳುವುದಿಲ್ಲ.

ಹೋದ ವರ್ಷ ನಮ್ಮ ರಸ್ತೆಯ ಒಂದು ಶೆಡ್ಡಿನಲ್ಲಿ ಹೀಗಾಯಿತು. ಆಪರೇಟರ್ ಕಣ್ಣು ಕೆಳಗಿನ ಚಕ್ರದ ಮೇಲಿತ್ತು, ಬ್ಯಾಸ್ಕೆಟ್ ಏರುತ್ತಿತ್ತು. ಬೆನ್ನು ಛಾವಣಿ ಹೊರುವ ಟ್ರಸ್‌ನ ಕಬ್ಬಿಣದ ಆಂಗಲ್‌ಗೆ ತಾಗಿತು, ಎದೆ ಹೋಗಿ ಕಂಟ್ರೋಲ್ ಪ್ಯಾನೆಲ್ ಮೇಲೆ ಒರಗಿತು. ಎದೆಯ ಕೆಳಗೇ ಜಾಯ್‌ಸ್ಟಿಕ್. ಅದು ಒತ್ತಿದಷ್ಟೂ ಬ್ಯಾಸ್ಕೆಟ್ ಮೇಲಕ್ಕೆ, ಮೇಲಕ್ಕೆ ಹೋದಷ್ಟೂ ಎದೆ ಒತ್ತಿಕೊಳ್ಳುತ್ತದೆ. ಕೂಗಲು ಉಸಿರೇ ಇಲ್ಲ. ಕೆಳಗಿದ್ದ ಹೆಲ್ಪರ್ ಅವತ್ತೇ ಬೆಳಿಗ್ಗೆ ಕೂಲಿಗೆ ಬಂದ ಹುಡುಗ, ಮಷೀನ್ ಸುತ್ತ ಓಡಾಡುತ್ತ ‘ಅಣ್ಣಾ, ಅಣ್ಣಾ’ ಅಂತ ಅಳುತ್ತಿದ್ದ. ಪಕ್ಕದ ಶೆಡ್ಡಿನ ಎಲೆಕ್ಟ್ರಿಷಿಯನ್ ಒಬ್ಬರಿಗೆ ಗೊತ್ತಿತ್ತು, ಓಡಿ ಬಂದು ಕೆಳಗಿನ ಮುಚ್ಚಳ ತೆಗೆದು, ಕೀಲಿ ತಿರುಗಿಸಿ ಇಳಿಸಿದರು. ಆಪರೇಟರ್ ಪಕ್ಕೆಲುಬು ಮುರಿದುಕೊಂಡು ಬದುಕಿದ.

ಪ್ರತಿ ಬೂಮ್ ಲಿಫ್ಟ್‌ಗೂ ಎರಡು ಕಡೆ ಕಂಟ್ರೋಲ್ ಇರುತ್ತದೆ, ಒಂದು ಬ್ಯಾಸ್ಕೆಟ್‌ನಲ್ಲಿ, ಇನ್ನೊಂದು ಕೆಳಗೆ ಮಷೀನ್ ಮೈಯಲ್ಲೇ. ಯಾವುದು ಕೆಲಸ ಮಾಡಬೇಕು ಅಂತ ತೀರ್ಮಾನಿಸುವುದು ಕೆಳಗಿನ ಕೀಲಿ. ಅದನ್ನು ಕೆಳಗಿನ ಕಂಟ್ರೋಲ್ ಕಡೆಗೆ ತಿರುಗಿಸಿ, ಒಂದು ಬಟನ್ ಒತ್ತಿ ಹಿಡಿದುಕೊಂಡೇ ಇನ್ನೊಂದು ಸ್ವಿಚ್ಚಿನಿಂದ ಇಳಿಸಬೇಕು. ಎಂಜಿನ್ ಕೆಟ್ಟು ನಿಂತರೂ ಇಳಿಸಲು ಬೇರೆ ಪಂಪ್ ಇರುತ್ತದೆ. ಸಿಸರ್ ಲಿಫ್ಟ್‌ನಲ್ಲಿ ಇನ್ನೂ ಸುಲಭ, ಕೆಳಗಡೆ ಎಮರ್ಜೆನ್ಸಿ ಹಿಡಿ ಇರುತ್ತದೆ. ಎಲ್ಲಿದೆ, ಹೇಗೆ ಹಿಡಿಯಬೇಕು ಅಂತ ಮೊದಲೇ ತೋರಿಸಿಕೊಟ್ಟರೆ ಐದು ನಿಮಿಷದ ಕೆಲಸ. ಯಾರೂ ತೋರಿಸುವುದಿಲ್ಲ. ಬಾಡಿಗೆಯ ಜೊತೆ ಆಪರೇಟರ್ ಬರುತ್ತಾನೆ, ಅವನೇ ಮೇಲೆ ಹೋಗುತ್ತಾನೆ, ಇಳಿಸೋ ವಿದ್ಯೆಯೂ ಅವನ ಜೊತೆ ಮೇಲೆ ಹೋಗಿಬಿಡುತ್ತದೆ. ಇನ್ನು ಕೆಲವರು ಯಾರೋ ಕದ್ದಾರು ಅಂತ ಕೆಳಗಿನ ಕೀಲಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡು ಮೇಲೆ ಹೋಗುತ್ತಾರೆ!

ಬೆಲ್ಟ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಬೂಮ್ ತೋಳು ಉದ್ದ ಇರುವುದರಿಂದ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದರೂ ತುದಿಯಲ್ಲಿರುವ ಬ್ಯಾಸ್ಕೆಟ್ ಕವಣೆಯ ಹಾಗೆ ಎಗರುತ್ತದೆ, ಅದಕ್ಕೇ ಬೆಲ್ಟಿನ ಹಗ್ಗ ಗಿಡ್ಡ ಇರಬೇಕು, ಅದರ ಹುಕ್ಕನ್ನು ಬ್ಯಾಸ್ಕೆಟ್‌ನಲ್ಲಿ ಅದಕ್ಕೇ ಅಂತ ಇರುವ ಕೊಂಡಿಗೇ ಹಾಕಬೇಕು. ಟ್ರಸ್‌ಗೆ ಹಾಕಿದರೆ, ಬ್ಯಾಸ್ಕೆಟ್ ಸರಿದಾಗ ಅದೇ ಹಗ್ಗ ಅವನನ್ನು ಹೊರಗೆ ಎಳೆಯುತ್ತದೆ. ಇಷ್ಟೆಲ್ಲ ಸರಿ ಮಾಡಿ, ಬಿದ್ದವನು ಬೆಲ್ಟ್‌ನಲ್ಲಿ ನೇತಾಡಿದ ಅಂತಲೇ ಇಟ್ಟುಕೊಳ್ಳಿ. ಅಲ್ಲಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. 112ಕ್ಕೆ ಫೋನ್ ಮಾಡಲೇಬೇಕು, ಆದರೆ ಅವರು ಟ್ರಾಫಿಕ್ ದಾಟಿ ಬರುವವರೆಗೆ ಸುಮ್ನೆ ನಿಂತಿರೋಕಾಗುತ್ತಾ? ಅಲ್ಲಿಗೂ ಬೇಕಾಗಿರುವುದು ಕೆಳಗಿನವನೇ.

ಕರೆಂಟ್ ವಿಷಯದಲ್ಲಂತೂ ಕೆಳಗಿನವನ ಜೀವವೇ ಹೋಗುತ್ತದೆ. ಬಾಡಿಗೆಗೆ ಬರುವ ಮಾಮೂಲಿ ಬೂಮ್ ಲಿಫ್ಟ್‌ಗೆ ವಿದ್ಯುತ್ ತಡೆಯುವ ಇನ್ಸುಲೇಷನ್ ಇರುವುದಿಲ್ಲ. ಶೆಡ್ಡಿನ ಪಕ್ಕ ಹೋಗುವ 11 ಕೆವಿ ಲೈನಿಗೆ ಕಡಿಮೆ ಅಂದರೂ 3 ಮೀಟರ್ ದೂರ ಬೇಕು, ಅಷ್ಟು ಜಾಗ ಇಲ್ಲದಿದ್ದರೆ ಲೈನ್ ಆಫ್ ಮಾಡಿಸಿಯೇ ಕೆಲಸ. ಬೂಮ್ ತಂತಿಗೆ ತಾಗಿಬಿಟ್ಟರೆ ಕೆಳಗಿನವನು ಇಳಿಸಲು ಹೋಗಿ ಮಷೀನ್ ಮುಟ್ಟುತ್ತಾನೆ, ಅಲ್ಲೇ ಮುಗಿಯುತ್ತಾನೆ. ಆಗ ಮಾತ್ರ ಯಾರೂ ಹತ್ತಿರ ಹೋಗಬಾರದು, ದೂರ ನಿಂತು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಬೇಕು. ಯಾವಾಗ ಓಡಿ ಬಂದು ಇಳಿಸಬೇಕು, ಯಾವಾಗ ಮುಟ್ಟಲೇಬಾರದು, ಈ ವ್ಯತ್ಯಾಸ ಆ ಕೂಲಿ ಹುಡುಗನಿಗೆ ಹೇಳಿದವರು ಯಾರು?

ನೆಲ ನೋಡುವವನೂ ಅವನೇ ಆಗಬೇಕು. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಚರಂಡಿ ಮೇಲಿನ ಚಪ್ಪಡಿ, ಸಂಪ್ ಮುಚ್ಚಳ, ಕೇಬಲ್ ಹಾಕಲು ಅಗೆದು ಮೇಲೆ ಮಣ್ಣು ಎಳೆದ ಜಾಗ ಎಲ್ಲೆಲ್ಲೂ ಇವೆ. ಟನ್‌ಗಟ್ಟಲೆ ತೂಗುವ ಮಷೀನ್ ಅದರ ಮೇಲೆ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಬ್ಯಾಸ್ಕೆಟ್ ಹೊರಬಹುದಾದ ತೂಕ, ಗಾಳಿಯ ಮಿತಿ ಮಷೀನ್ ಮೇಲೇ ಬರೆದಿರುತ್ತದೆ. ಎಷ್ಟೋ ಬೂಮ್‌ಗಳಲ್ಲಿ ಈ ತೂಕ ಸುಮಾರು 230 ಕೆಜಿ, ಅದೂ ಜನ, ಸಾಮಾನು ಎಲ್ಲ ಸೇರಿ. ಏಪ್ರಿಲ್, ಮೇ ಸಂಜೆ ಏಳುವ ಗಾಳಿಯಲ್ಲಿ ಬ್ಯಾಸ್ಕೆಟ್‌ನಿಂದ ಶೀಟ್ ಹಿಡಿದು ನಿಲ್ಲುವುದು ಹುಚ್ಚುತನ.

ಎತ್ತುವ ಯಂತ್ರಗಳನ್ನು ವರ್ಷಕ್ಕೊಮ್ಮೆ ಸಮರ್ಥ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಬೇಕು ಅನ್ನುವ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂತು. ಆ ಸರ್ಟಿಫಿಕೇಟು ಫೈಲಿನಲ್ಲಿ ಚೆನ್ನಾಗಿಯೇ ಇರುತ್ತದೆ. ತಪಾಸಣೆಗೆ ಬರುವ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ: ಫೈಲ್ ಕೇಳುವ ಮೊದಲು ಕೆಳಗೆ ನಿಂತ ಹುಡುಗನನ್ನು ಕರೆದು, ‘ಖಾಲಿ ಬ್ಯಾಸ್ಕೆಟ್ ಎತ್ತಿ ಇಳಿಸಿ ತೋರಿಸಪ್ಪಾ’ ಅನ್ನಿ. ಅವನಿಗೆ ಬರದಿದ್ದರೆ ಆ ದಿನದ ಕೆಲಸ ನಿಲ್ಲಿಸಿ. ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಗಳು ಕೆಳಗಿನ ಕಂಟ್ರೋಲ್ ಪಕ್ಕ ಅಂಟಿಸಲು ಕನ್ನಡ, ಹಿಂದಿ ಎರಡರಲ್ಲೂ ಚಿತ್ರ ಸಮೇತ ಸ್ಟಿಕ್ಕರ್ ಮಾಡಿಸಿಕೊಡಲಿ, ಈಗಿರುವುದೆಲ್ಲ ಬರೀ ಇಂಗ್ಲಿಷ್. ಬಾಡಿಗೆಗೆ ಕೊಡುವವರು ಆಪರೇಟರ್ ಜೊತೆ ಕಲಿತ ಇನ್ನೊಬ್ಬನನ್ನೂ ಕಳಿಸಿ, ಅವನ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ಹಾಕಲಿ. ಮಾಲೀಕರು ಚೌಕಾಸಿ ಮಾಡುತ್ತಾರೆ, ಗೊತ್ತು. ಆ ಒಂದು ಸಾಲಿಗೆ ಮಾತ್ರ ಚೌಕಾಸಿ ಬೇಡ ಅಂತ ಅವರಿಗೆ ಹೇಳುವ ಕೆಲಸ ನಮ್ಮಂಥ ಮೆಂಟೆನೆನ್ಸ್‌ನವರದ್ದು.

– ಒಬ್ಬ ಮೆಂಟೆನೆನ್ಸ್ ಸೂಪರ್‌ವೈಸರ್, ಪೀಣ್ಯ, ಬೆಂಗಳೂರು