ವಿಷಯ: ಬ್ಯಾಂಕಾಕ್–ಸಿಂಗಪುರ ವಿಮಾನಗಳ ಅವಧಿ, ದೂರ ಎರಡನ್ನೂ ತಪ್ಪಾಗಿ ತೋರಿಸುತ್ತಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಬ್ಯಾಂಕಾಕ್‌ನ ಸುವರ್ಣಭೂಮಿಯಿಂದ ಬೆಳಿಗ್ಗೆ 8:00ಕ್ಕೆ ಹೊರಟು 11:25ಕ್ಕೆ ಸಿಂಗಪುರದ ಚಾಂಗಿ ತಲುಪುವ ವಿಮಾನಕ್ಕೆ ನಿಮ್ಮ ಬುಕಿಂಗ್ ಆ್ಯಪ್ ‘3 ಗಂಟೆ 25 ನಿಮಿಷ’ ಎನ್ನುತ್ತದೆ. ಚಾಂಗಿಯಿಂದ ಮಧ್ಯಾಹ್ನ 1:00ಕ್ಕೆ ಹೊರಟು 2:25ಕ್ಕೆ ಸುವರ್ಣಭೂಮಿಗೆ ಬರುವ ವಿಮಾನಕ್ಕೆ ‘1 ಗಂಟೆ 25 ನಿಮಿಷ’. ಎರಡೂ ತಪ್ಪು. ಹೋಗುವುದಕ್ಕೂ ಬರುವುದಕ್ಕೂ ಹಿಡಿಯುವುದು 2 ಗಂಟೆ 25 ನಿಮಿಷ.

ಇದನ್ನು ತಿಳಿಸಿದ್ದಕ್ಕೆ ‘ಗಾಳಿಯ ದಿಕ್ಕಿನಿಂದ ಹೀಗಾಗುತ್ತದೆ’ ಎಂಬ ಉತ್ತರ ಬಂದಿದೆ. ಗಾಳಿಗೆ ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಒಪ್ಪೋಣ. ಇಲ್ಲಿರುವುದು ಸರಿಯಾಗಿ ಎರಡು ಗಂಟೆಯ ಅಂತರ. ಈ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 1,410 ಕಿ.ಮೀ. ಗೇಟ್ ಬಿಟ್ಟು ರನ್‌ವೇಗೆ ಹೋಗಲು, ಇಳಿದ ಮೇಲೆ ಮತ್ತೆ ಗೇಟ್ ಸೇರಲು ಒಟ್ಟು 25 ನಿಮಿಷ ತೆಗೆದರೆ ನಿಮ್ಮ ‘1 ಗಂಟೆ 25 ನಿಮಿಷ’ದ ಲೆಕ್ಕದಲ್ಲಿ ಹಾರಾಟಕ್ಕೆ ಉಳಿಯುವುದು ಒಂದೇ ಗಂಟೆ. ಈ ಮಾರ್ಗದ ಎ320, 737 ವಿಮಾನಗಳ ವೇಗ ಗಂಟೆಗೆ 830 ಕಿ.ಮೀ. ಆಸುಪಾಸು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಟಿಕೆಟನ್ನು ಎಕಾನಮಿ ದರಕ್ಕೆ ಮಾರುತ್ತಿದ್ದೀರಿ ಎಂದಾಯಿತು!

ಅಸಲು ಕಾರಣ ಗಡಿಯಾರ. ಥಾಯ್ಲೆಂಡ್ ಸಮಯ ಯುಟಿಸಿಗಿಂತ (ಎಲ್ಲ ದೇಶಗಳ ಗಡಿಯಾರಕ್ಕೆ ಆಧಾರವಾದ ಜಾಗತಿಕ ಸಮಯ) 7 ಗಂಟೆ ಮುಂದೆ, ಸಿಂಗಪುರದ್ದು 8 ಗಂಟೆ. ನಕ್ಷೆಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ನೇರಕ್ಕಿವೆ, ರೇಖಾಂಶದಲ್ಲಿ ಬರೀ ಮೂರು ಡಿಗ್ರಿ ವ್ಯತ್ಯಾಸ; ಆದರೂ ಮಲೇಷ್ಯಾ, ಸಿಂಗಪುರಗಳು 1982ರ ಜನವರಿ 1ರಿಂದ ಗಡಿಯಾರವನ್ನು ಮುಂದಕ್ಕಿಟ್ಟುಕೊಂಡಿವೆ. ಟಿಕೆಟ್‌ನಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ನೀವು ಒಂದರಿಂದ ಇನ್ನೊಂದನ್ನು ಹಾಗೇ ಕಳೆಯುತ್ತಿದ್ದೀರಿ. ಅನುಮಾನವಿದ್ದರೆ ಬ್ಯಾಂಕಾಕ್–ಹನೋಯ್, ಸಿಂಗಪುರ–ಮನಿಲಾ ನೋಡಿ, ಅವಧಿ ಸರಿಯಾಗಿಯೇ ಇದೆ. ಅಲ್ಲಿ ಎರಡೂ ತುದಿಗೆ ಒಂದೇ ಸಮಯ. ಬ್ಯಾಂಕಾಕ್–ಕ್ವಾಲಾಲಂಪುರ ಒಂದು ಗಂಟೆ ತಪ್ಪುತ್ತದೆ, ಬ್ಯಾಂಕಾಕ್–ಯಾಂಗೋನ್ ಅರ್ಧ ಗಂಟೆ.

ದೂರದ್ದು ಬೇರೆಯೇ ಎಡವಟ್ಟು. ‘761 ಕಿ.ಮೀ.’ ಎಂದು ಹಾಕಿದ್ದೀರಿ. ಅದು ನಾಟಿಕಲ್ ಮೈಲಿ (ವಿಮಾನ, ಹಡಗುಗಳ ದೂರದ ಅಳತೆ). 1.852ರಿಂದ ಗುಣಿಸಿದರೆ 1,409 ಕಿ.ಮೀ. ಬರುತ್ತದೆ. ಅಂಕಿ ಒಂದು ಕಡೆಯದು, ಹಣೆಪಟ್ಟಿ ಇನ್ನೊಂದು ಕಡೆಯದು.

ಇದು ಬರೀ ತೋರಿಕೆಯ ತಪ್ಪಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ‘ಕಡಿಮೆ ಅವಧಿ ಮೊದಲು’ ಎಂಬ ನಿಮ್ಮ ಫಿಲ್ಟರ್ ಇದೇ ಅಂಕಿಗಳ ಮೇಲೆ ನಡೆಯುತ್ತದೆ. ಚಾಂಗಿಯಲ್ಲಿ ಬೇರೆ ಪಿಎನ್‌ಆರ್‌ನ ಮುಂದಿನ ವಿಮಾನ ಹಿಡಿಯಬೇಕಾದವರು ‘3 ಗಂಟೆ 25 ನಿಮಿಷ’ವನ್ನು ನಂಬಿ, ತಲುಪುವ ಹೊತ್ತಿಗೆ ಮತ್ತೊಂದು ಗಂಟೆ ಕೂಡಿಸಿಕೊಂಡು, ಸರಿಯಾಗಿಯೇ ಇದ್ದ ಟಿಕೆಟನ್ನು ಬದಲಿಸಿಕೊಂಡಿದ್ದಾರೆ. ಬದಲಾವಣೆ ಶುಲ್ಕ ಹಿಡಿದುಕೊಂಡವರು ನೀವು.

ಸರಿಪಡಿಸುವುದು ಕಷ್ಟವಲ್ಲ. ಎರಡೂ ಸಮಯಗಳನ್ನು ಮೊದಲು ಯುಟಿಸಿಗೆ ತನ್ನಿ, ಆಮೇಲೆ ಕಳೆಯಿರಿ: 8:00 ಎಂದರೆ 01:00, 11:25 ಎಂದರೆ 03:25. ಎರಡೂ ದೇಶಗಳಲ್ಲಿ ಬೇಸಿಗೆಗೆಂದು ಗಡಿಯಾರ ಬದಲಿಸುವ ಪದ್ಧತಿ ಇಲ್ಲದಿರುವುದರಿಂದ ವರ್ಷವಿಡೀ ಇದೇ ಲೆಕ್ಕ. ಹಾಗೆಯೇ ಬ್ಯಾಂಕಾಕ್‌ನ ಇನ್ನೊಂದು ನಿಲ್ದಾಣವಾದ ಡಾನ್ ಮುವಾಂಗ್‌ನ ವಿಮಾನಗಳನ್ನೂ ಬರೀ ‘ಬ್ಯಾಂಕಾಕ್’ ಎನ್ನದೆ ನಿಲ್ದಾಣದ ಹೆಸರು ಹಾಕಿ.

ಅಲ್ಲಿಯವರೆಗೆ ಈ ಮಾರ್ಗಗಳಲ್ಲಿ ಅವಧಿಯ ಫಿಲ್ಟರ್ ತೆಗೆದುಬಿಡಿ. ಲಗತ್ತಿಸಿರುವ ಬುಕಿಂಗ್‌ಗಳಿಗೆ ಹಿಡಿದ ಬದಲಾವಣೆ ಶುಲ್ಕವನ್ನು 15 ದಿನಗಳೊಳಗೆ, ವ್ಯಾಲೆಟ್ ಕೂಪನ್ ಆಗಿ ಅಲ್ಲ, ಪಾವತಿಸಿದ ಖಾತೆಗೇ ವಾಪಸ್ ಮಾಡಿ.

ಇಂತಿ,
ಟಿಕೆಟ್ ಏಜೆಂಟರು, ಬೆಂಗಳೂರು

ಲಗತ್ತು: ಎರಡೂ ದಿಕ್ಕಿನ ಸ್ಕ್ರೀನ್‌ಶಾಟ್, ಇ-ಟಿಕೆಟ್, ಶುಲ್ಕದ ರಸೀದಿಗಳು