ನಲ್ವತ್ತು ವರ್ಷದ ಹೊಸ ನರ್ಸ್ ಎಲ್ಲಿಗೆ ಹೋಗಬೇಕು ಶಾಸಕರೇ?

ಮಾನ್ಯ ಶಾಸಕರೇ, ನಮಸ್ಕಾರ.

ಇದು ಚರಂಡಿ, ದಾರಿದೀಪದ ವಿಷಯ ಅಲ್ಲ. ಅದಕ್ಕೆ ಪಂಚಾಯತು ಮೆಂಬರರು ಇದ್ದಾರೆ, ಅವರ ತಲೆ ತಿನ್ನುವ ಕೆಲಸವನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ನಾನು ಬರೆಯುತ್ತಿರುವುದು ನನ್ನ ಕೆಲಸದ ಬಗ್ಗೆ. ಅಂದರೆ ಇನ್ನೂ ಸಿಗದ ಕೆಲಸದ ಬಗ್ಗೆ.

ನನಗೆ ಈಗ ನಲ್ವತ್ತು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಪಾಸಾಗಿ ಎರಡು ವರ್ಷ ದಾಟಿತು, ಮೊದಲ ಸಂಬಳ ಇನ್ನೂ ಕಂಡಿಲ್ಲ. ಎರಡು ಮಾತು ಕೇಳಲಿಕ್ಕೆ ಉಂಟು. ಕಾಸರಗೋಡು, ಮಂಜೇಶ್ವರ ತಾಲೂಕಿನ ಸರಕಾರಿ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ನರ್ಸ್‌ಗಳಿಗೆ ಅಂತಲೇ ಬೇರೆ ಹುದ್ದೆ ಇಡಿಸಿ. ಆ ಹುದ್ದೆಗೆ ವಯಸ್ಸಿನ ಮಿತಿ ಸಡಿಲಿಸಿ. ಇಷ್ಟು ಓದಿ ನೀವು ಪತ್ರ ಮಡಚಿ ಇಟ್ಟರೂ ಅಡ್ಡಿಯಿಲ್ಲ, ಕೆಲಸ ಆದರೆ ಸಾಕು. ಆಗುವುದಿಲ್ಲ ಅಂತ ಗೊತ್ತಿರುವ ಕಾರಣ ಮುಂದಕ್ಕೆ ಬರೆಯುತ್ತೇನೆ.

ಇಷ್ಟು ವಯಸ್ಸಾದ ಮೇಲೆ ನರ್ಸಿಂಗ್ ಎಂತಕ್ಕೆ ಅಂತ ಎಲ್ಲರೂ ಕೇಳಿದ್ದಾರೆ. ನಿಮಗೂ ಹೇಳಿಬಿಡುತ್ತೇನೆ. ನಾನು ಪ್ಲಸ್ ಟು ಸಯನ್ಸ್ ಮುಗಿಸಿದವಳು. ಆಮೇಲೆ ಮದುವೆ, ಎರಡು ಮಕ್ಕಳು, ಮತ್ತೆ ಹದಿನಾಲ್ಕು ವರ್ಷ ಬೀಡಿ. ಮಡಿಲಲ್ಲಿ ಗೆರಸೆ, ಕೈಯಲ್ಲಿ ಕತ್ತರಿ, ವಾರಕ್ಕೆ ಎರಡು ಸಲ ಬ್ರಾಂಚಿಗೆ ನಡಿಗೆ. ಅತ್ತೆಗೆ ಕಿಡ್ನಿ ಹೋಗಿತ್ತು. ಮಂಗಳೂರಿನಲ್ಲಿ ಡಯಾಲಿಸಿಸ್. 2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿ ಮುಚ್ಚಿತಲ್ಲ, ದಾರಿಗೆ ಮಣ್ಣು ಸುರಿದರಲ್ಲ, ಆಗ ನಮ್ಮ ಅಂಬುಲೆನ್ಸ್ ತಲಪಾಡಿಯಿಂದ ಹಿಂದೆ ಬಂತು. ದಾರಿ ಬಿಡಿಸಿ ಅಂತ ಕೇರಳ ಹೈಕೋರ್ಟ್ ಹೇಳಿದ್ದು ಏಪ್ರಿಲ್ 1ಕ್ಕೆ. ಕೋರ್ಟು ಹೇಳಿದ ಕೂಡಲೇ ಮಣ್ಣು ಸರಿಯಲಿಲ್ಲ. ಅತ್ತೆ ಅದೇ ವಾರ ತೀರಿಕೊಂಡರು. ಕಾಲು ಊದಿ ಊದಿ, ಒತ್ತಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಉಸಿರಿಗೆ ಒದ್ದಾಡುವಾಗ ದಿಂಬು ಎತ್ತರಿಸಿ ಕೂರಿಸಬೇಕು ಅನ್ನುವಷ್ಟೂ ಆ ರಾತ್ರಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಬೆನ್ನು ತಗ್ಗಿಸಿ ಮಲಗಿಸಿದ್ದೆವು.

ಆ ವರ್ಷದ ಕೊನೆಗೆ ನಾನು ಗಡಿಯಾಚೆ ಒಂದು ಕಾಲೇಜಿಗೆ ಸೇರಿದೆ. ಮೂವತ್ತನಾಲ್ಕು ತುಂಬಿತ್ತು. ಬಳೆ, ಚೈನು ಸಹಕಾರಿ ಬ್ಯಾಂಕಿನಲ್ಲಿ ಇಟ್ಟೆವು. ಮೂರು ವರ್ಷಕ್ಕೆ ಎಲ್ಲ ಸೇರಿ 3 ಲಕ್ಷದ 20 ಸಾವಿರ. ಚಿನ್ನ ಈಗಲೂ ಅಲ್ಲೇ ಉಂಟು, ವರ್ಷಕ್ಕೊಮ್ಮೆ ಹೋಗಿ ಬಡ್ಡಿ ಕಟ್ಟಿ ಅದರ ಮುಖ ನೋಡಿ ಬರುತ್ತೇನೆ.

ಈಗ ಲೆಕ್ಕ ನೋಡಿ. ನಿಯಮ ನಿಮಗೆ ಗೊತ್ತಿಲ್ಲದ್ದಲ್ಲ. ಜಿಎನ್‌ಎಂ ಸೇರಲು 35 ವರ್ಷದವರೆಗೆ ಅವಕಾಶ ಉಂಟು. ಕೋರ್ಸು ಮೂರು ವರ್ಷ. ಅಂದರೆ ಸರಕಾರದ ಲೆಕ್ಕದಲ್ಲೇ 38ಕ್ಕೆ ಒಬ್ಬಳು ಹೊಸ ನರ್ಸ್ ಆಗಬಹುದು. ಕೇರಳದಲ್ಲಿ ಸರಕಾರಿ ಕೆಲಸಕ್ಕೆ ಜನ ಆರಿಸುವ ಪಿಎಸ್‌ಸಿಯ ಸ್ಟಾಫ್ ನರ್ಸ್ ಹುದ್ದೆಗೆ ಸಾಮಾನ್ಯ ವರ್ಗದವರಿಗೆ ಬಾಗಿಲು ಹಾಕುವುದು 36ಕ್ಕೆ! ಒಳಗೆ ಬನ್ನಿ ಅಂತ ಕರೆದು, ಮೂರು ವರ್ಷ ಕೂರಿಸಿ, ಊಟ ಎರಡು ವರ್ಷದ ಹಿಂದೆಯೇ ಮುಗಿದಿದೆ ಅಂದ ಹಾಗೆ. ನನ್ನಂಥ ಹಿಂದುಳಿದ ವರ್ಗದವರಿಗೆ ಮೂರು ವರ್ಷ ಸಡಿಲಿಕೆ ಉಂಟು, ಒಪ್ಪುತ್ತೇನೆ. 39 ಆಯಿತು. ಆದರೆ ಕರ್ನಾಟಕದಲ್ಲಿ ಕಲಿತವರು ಅಲ್ಲಿಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಹಾಕಿಸಿ, ಆಮೇಲೆ ಕೇರಳದ ರಿಜಿಸ್ಟ್ರೇಶನ್ ಮಾಡಿಸಿಕೊಳ್ಳಬೇಕು. ಕಾಗದ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಯಾರನ್ನೂ ದೂರುವುದಿಲ್ಲ, ಎಲ್ಲರೂ ಅವರವರ ಕೆಲಸ ಮಾಡಿರಬಹುದು. ಆದರೆ ನನ್ನ ಕಾಗದಕ್ಕೆ ಗಡಿ ದಾಟಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾಯಿತು. ಆ ವರ್ಷ ನನ್ನ ವಯಸ್ಸು ಮಾತ್ರ ಯಾರಿಗೂ ಕಾಯಲಿಲ್ಲ.

ಒಂದು ಸಲ ರ‍್ಯಾಂಕ್ ಲಿಸ್ಟ್ ಬಂದರೆ ಮೂರು ವರ್ಷದವರೆಗೂ ಅದರಿಂದಲೇ ಕೆಲಸಕ್ಕೆ ಕರೆಯುತ್ತಾರೆ. ಮುಂದಿನದು ಬರುವಾಗ ನಾನು ಎಲ್ಲಿರುತ್ತೇನೆ? ನಲ್ವತ್ತೆರಡು, ನಲ್ವತ್ತಮೂರು. ಆಗ ನನ್ನ ಮಗಳು ಅರ್ಜಿ ಹಾಕುವಷ್ಟಾಗಿರುತ್ತಾಳೆ.

ಹಾಗಾದರೆ ಖಾಸಗಿಗೆ ಹೋಗಿ ಅನ್ನುತ್ತೀರಿ. ಹೋಗಿದ್ದೇನೆ. ಏಳು ಕಡೆ. ಆರು ಕಡೆಯದ್ದು ಒಂದೇ ರಾಗ, ಎರಡು ವರ್ಷದ ಅನುಭವ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತಾರಲ್ಲ, ಅದೇ. ಏಳನೆಯದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದನ್ನು ಹೇಳದೆ ನನಗೆ ಸಮಾಧಾನ ಇಲ್ಲ.

ಆಸ್ಪತ್ರೆಯ ಹೆಸರು ಬೇಡ. ಬೆಳಿಗ್ಗೆ ಐದೂವರೆಗೆ ಎದ್ದು, ಮಕ್ಕಳಿಗೆ ಬುತ್ತಿ ಕಟ್ಟಿ, ಇಸ್ತ್ರಿ ಹಾಕಿದ ಬಿಳಿ ಚೂಡಿದಾರ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಹೋದೆ. ಒಂಬತ್ತೂವರೆಗೆ ಇಂಟರ್ವ್ಯೂ. ವರಾಂಡದಲ್ಲಿ ಸಾಲಾಗಿ ಕುರ್ಚಿ, ತುಂಬ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗಿಯರು. ನಾನೂ ಫೈಲು ಹಿಡಿದು ಕೂತೆ. ಐದು ನಿಮಿಷ ಆಗಿರಲಿಲ್ಲ, ಸೆಕ್ಯೂರಿಟಿಯವನು ಬಂದು ನನ್ನೆದುರೇ ನಿಂತ. "ಬೈಸ್ಟಾಂಡರ್‌ಗಳೆಲ್ಲ ಹೊರಗೆ ಕೂರಬೇಕು." ಅಂದರೆ ರೋಗಿಯ ಜೊತೆ ನಿಲ್ಲುವವರು. ನಾನು ಬೈಸ್ಟಾಂಡರ್ ಅಲ್ಲ, ಇಂಟರ್ವ್ಯೂಗೆ ಬಂದವಳು ಅಂದೆ. ಅವನು ನಗಲಿಲ್ಲ, ಅದೇ ಬೇಸರ. ಪಾಪ, ಅವನಿಗೆ ನಿಜವಾಗಿ ಅರ್ಥ ಆಗಲಿಲ್ಲ. "ಯಾರ ಜೊತೆ ಬಂದದ್ದು?" ಅಂತ ಇನ್ನೊಮ್ಮೆ ಕೇಳಿದ. ಪಕ್ಕದ ಹುಡುಗಿಯರು ಮೊಬೈಲಿಗೆ ಮುಖ ತಗ್ಗಿಸಿದರು. ಕೊನೆಗೆ ಫೈಲು ಬಿಚ್ಚಿ ರಿಜಿಸ್ಟ್ರೇಶನ್ ಸರ್ಟಿಫಿಕೇಟು ತೋರಿಸಿದೆ. ಒಬ್ಬ ಸೆಕ್ಯೂರಿಟಿಯವನಿಗೆ! ಅವನು ಅದನ್ನು ಉಲ್ಟಾ ಹಿಡಿದು ನೋಡಿ ವಾಪಸು ಕೊಟ್ಟ.

ಒಳಗೆ ಮೂರು ನಿಮಿಷ. ಔಷಧ ಕೇಳಲಿಲ್ಲ, ಡೋಸ್ ಕೇಳಲಿಲ್ಲ, ಪೇಶಂಟ್ ಕುಸಿದುಬಿದ್ದರೆ ಎಂತ ಮಾಡುತ್ತೀರಿ ಅಂತ ಕೇಳಲಿಲ್ಲ. "ಈ ವಯಸ್ಸಿನಲ್ಲಿ ನೈಟ್ ಡ್ಯೂಟಿ ಆಗ್ತದಾ?" ಅಂತ ಕೇಳಿದರು. ಆಗ್ತದೆ ಸಾರ್, ಬೀಡಿ ಲೆಕ್ಕ ಕೊಡುವ ಹಿಂದಿನ ರಾತ್ರಿ ನಾನು ಎಷ್ಟು ಸಲ ಬೆಳಗು ನೋಡಿದ್ದೇನೆ ಅಂತ ನಿಮಗೆ ಗೊತ್ತಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಆರು ತಿಂಗಳು ಟ್ರೈನಿಂಗ್, ತಿಂಗಳಿಗೆ 9,000, ಒರಿಜಿನಲ್ ಸರ್ಟಿಫಿಕೇಟು ನಮ್ಮಲ್ಲಿ ಇಡಬೇಕು ಅಂದರು. ನಾನು ಒರಿಜಿನಲ್ ಕೊಡುವುದಿಲ್ಲ ಅಂದದ್ದೇ ತಡ, "ಹಾಗಾದರೆ ಹೋಂ ನರ್ಸ್ ಕೆಲಸಕ್ಕೆ ನೋಡಬಹುದಲ್ವಾ ಚೇಚಿ" ಅಂತ ಸಲಹೆ ಬಂತು. ಹೋಂ ನರ್ಸ್ ಅಂದರೆ ನಮ್ಮಲ್ಲಿ ಯಾರು, ನಿಮಗೆ ಗೊತ್ತು. ಮೂರು ವರ್ಷ ಕಲಿಯದವರೂ ಮಾಡುವ ಕೆಲಸ. ಆ ಕೆಲಸ ಕೀಳಲ್ಲ. ಆದರೆ ಅದಕ್ಕೆ ನಾನು ಬಳೆ ಅಡವಿಡಬೇಕಿರಲಿಲ್ಲ.

ಖಾಸಗಿ ನರ್ಸ್‌ಗಳಿಗೆ ಕನಿಷ್ಠ ಸಂಬಳ 20,000 ಅಂತ ಇದೇ ಕೇರಳ ಸರಕಾರ 2018ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿದ್ದು. ಅದಕ್ಕೆ ನರ್ಸ್‌ಗಳು ಎಷ್ಟು ದಿನ ಬೀದಿಯಲ್ಲಿ ಕೂತಿದ್ದರು ಅಂತ ನಿಮಗೆ ನೆನಪಿರಬಹುದು. "ಟ್ರೈನಿಂಗ್" ಅಂತ ಒಂದು ಪದ ಸೇರಿಸಿದರೆ ಆ 20,000 ಹೇಗೆ 9,000 ಆಗುತ್ತದೆ, ಸಾಧ್ಯವಾದರೆ ವಿಧಾನಸಭೆಯಲ್ಲಿ ಒಂದು ಪ್ರಶ್ನೆ ಹಾಕಿ. ಸುಮ್ನೆ, ಗೊತ್ತಾಗಲಿ ಅಂತ.

ಇನ್ನು ಕನ್ನಡದ ವಿಷಯ. ಇವಳು ತನಗೊಂದು ಕೆಲಸಕ್ಕೋಸ್ಕರ ಭಾಷೆಯನ್ನು ಎಳೆದು ತಂದಳು ಅಂತ ನಿಮಗೆ ಅನ್ನಿಸಬಹುದು. ಹೌದು, ನನಗೆ ಕೆಲಸ ಬೇಕು. ಆದರೂ ಇದನ್ನು ಕೇಳಿ.

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಒಂದು ಸರಕಾರಿ ಆಸ್ಪತ್ರೆಯಲ್ಲಿ ರಾತ್ರಿ ನಿಂತಿದ್ದೆ. ಆಗ ಮಾತ್ರ ನಾನು ನಿಜವಾದ ಬೈಸ್ಟಾಂಡರ್. ಎಂಬತ್ತು ದಾಟಿದ ಹವ್ಯಕರ ಅಜ್ಜಿ, ಕಿವಿ ಮಂದ. ಎದೆಯ ಹತ್ತಿರ ನೋವು ಅಂತ ಹೋದದ್ದು. ನಾನು ಚೀಟಿ ಮಾಡಿಸಲು ಕೆಳಗೆ ಹೋಗಿ ಬರುವಷ್ಟರಲ್ಲಿ ಡ್ಯೂಟಿ ನರ್ಸ್ ಬಂದು ಕೇಳುತ್ತಿದ್ದಳು. ತೆಂಕಣ ಜಿಲ್ಲೆಯ ಹುಡುಗಿ, ಒಳ್ಳೆಯವಳೇ, ಅಜ್ಜಿಯ ಕೈ ಹಿಡಿದುಕೊಂಡೇ ಮಲಯಾಳದಲ್ಲಿ ಕೇಳಿದಳು. "ಛರ್ದಿ ಉಂಡೋ?" ಅಂದರೆ ವಾಂತಿ ಉಂಟೋ ಅಂತ. ಅಜ್ಜಿಯ ಕಿವಿಗೆ ಬಿದ್ದದ್ದು "ಉಂಡೋ" ಮಾತ್ರ. ಊಟ ಆಯಿತಾ ಅಂತ ಕೇಳುತ್ತಿದ್ದಾಳೆ, ಪಾಪ, ಅಂತ ಅಜ್ಜಿಗೆ ಖುಷಿ. "ಉಂಡಿದೆ, ಉಂಡಿದೆ. ಚೂರು ಗಂಜಿ" ಅಂದರು. ಹುಡುಗಿ ತಲೆಯಾಡಿಸಿ ಬರೆದುಕೊಂಡಳು. ನಾನು ಮೇಲೆ ಬಂದಾಗ ವಾಂತಿಯ ಇಂಜೆಕ್ಷನ್ ಸಿರಿಂಜಿಗೆ ಎಳೆದಾಗಿತ್ತು. ಅಜ್ಜಿಗೆ ವಾಂತಿಯೇ ಇರಲಿಲ್ಲ. ಎದೆನೋವಿನ ಮಾತು ಕೇಸ್ ಶೀಟಿನಲ್ಲಿ ಎಲ್ಲೂ ಇರಲಿಲ್ಲ. ನಾನು ಹೇಳಿದ ಮೇಲೆ ಇಸಿಜಿ ತೆಗೆದರು. ಆ ಹುಡುಗಿ ಅಳುವ ಹಾಗಾಗಿದ್ದಳು. ಅವಳದ್ದು ತಪ್ಪಲ್ಲ ಮಾರಾಯ್ರೆ. ನಾಳೆ ನನ್ನನ್ನು ತೆಂಕಣದ ಕೊಲ್ಲಂ ಜಿಲ್ಲೆಗೆ ಹಾಕಿದರೆ ನಾನೂ ಹಾಗೆಯೇ. ಅಲ್ಲ, ನನಗೆ ಮಲಯಾಳ ಬರುತ್ತದೆ, ಹಾಗೆ ಆಗಲಿಕ್ಕಿಲ್ಲ. ಆದರೆ ನಮ್ಮ ಪಂಚಾಯತು ಎಣ್ಮಕಜೆಯ ಅಜ್ಜಿಗೆ ಕೊಲ್ಲಂನ ಭಾಷೆ ಕಲಿಯಿರಿ ಅನ್ನಲಿಕ್ಕೆ ಆಗ್ತದಾ? ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಇದು. ಹಾಸಿಗೆ ಹಿಡಿದ ಮಕ್ಕಳಿಗೆ ನೋವು ಎಲ್ಲಿ ಅಂತ ಹೇಳುವವರು ತಾಯಂದಿರು, ಅವರು ಹೇಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಮರಾಠಿಯಲ್ಲಿ.

ಕ್ಲರ್ಕ್ ಹುದ್ದೆಗೆ ನಮ್ಮ ಜಿಲ್ಲೆಯಲ್ಲಿ "ಕನ್ನಡ, ಮಲಯಾಳ ಎರಡೂ ಬಲ್ಲವರು" ಅಂತ ಪಿಎಸ್‌ಸಿ ಬೇರೆಯೇ ಕರೆಯುತ್ತದಲ್ಲ. ಸಂತೋಷ. ಫೈಲಿಗೆ ಕನ್ನಡ ಬೇಕು ಅಂತ ಗೊತ್ತಾಗಿದೆ. ಎದೆನೋವಿಗೆ ಬೇಡವಾ? ನರ್ಸ್‌ಗೂ ಹಾಗೆಯೇ ಮಾಡಿಸಿ. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಗೆ, ಕುಂಬಳೆಗೆ, ಪೆರ್ಲಕ್ಕೆ, ಬದಿಯಡ್ಕಕ್ಕೆ, ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕನ್ನಡ ಬಲ್ಲ ನರ್ಸ್ ಹುದ್ದೆ ಮಾಡಿಸಿ, ವಯಸ್ಸಿನ ಮಿತಿ ಸಡಿಲಿಸಿ.

ಉಕ್ಕಿನಡ್ಕ ಅಂದಾಗ ನೆನಪಾಯಿತು. ನಮ್ಮ ಮನೆಯಿಂದ ಬಸ್ಸಿನಲ್ಲಿ ಹತ್ತು ನಿಮಿಷ. 2013ರಲ್ಲಿ ಕಲ್ಲು ಹಾಕಿದ್ದು. 2020ರ ಏಪ್ರಿಲ್‌ನಲ್ಲಿ, ನಮ್ಮ ಅತ್ತೆ ಹೋದ ಕೆಲವೇ ದಿನಕ್ಕೆ, ಅಲ್ಲಿ ಕೋವಿಡ್ ಆಸ್ಪತ್ರೆ ತೆರೆದರು. ತಿರುವನಂತಪುರದಿಂದ ಡಾಕ್ಟರು, ನರ್ಸ್‌ಗಳ ತಂಡ ಬಂತು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಆ ತಂಡ ಇಡೀ ರಾಜ್ಯ ದಾಟಿ ಬರಬೇಕಾದದ್ದು ಯಾಕೆ ಅಂತ ಆಗಲೂ ಯಾರೂ ಕೇಳಲಿಲ್ಲ. ಇಲ್ಲಿಯವರು ಇಲ್ಲಿ ಇರಲಿಲ್ಲ, ಅಷ್ಟೇ. ನಾನು ಈಗ ಇದ್ದೇನೆ. ಟ್ರಾನ್ಸ್‌ಫರ್ ಕೇಳುವುದಿಲ್ಲ, ಓಣಂಗೆ ಊರಿಗೆ ಹೋಗುತ್ತೇನೆ ಅಂತ ರಜೆ ಕೇಳುವುದಿಲ್ಲ, ಊರೇ ಇದು. ಮಕ್ಕಳು ದೊಡ್ಡವರಾದರು, ಹೆರಿಗೆ ರಜೆಯೂ ಬೇಡ!

ಸದ್ಯಕ್ಕೆ ನಾನು ಸುಮ್ಮನೆ ಕೂತಿಲ್ಲ. ಹಾಸಿಗೆ ಹಿಡಿದವರನ್ನು ನೋಡುವ ಪಂಚಾಯತಿನ ಪಾಲಿಯೇಟಿವ್ ತಂಡದ ಜೊತೆ ವಾರಕ್ಕೆ ಎರಡು ದಿನ ಮನೆಮನೆಗೆ ಹೋಗುತ್ತೇನೆ. ಗಾಯ ತೊಳೆದು ಕಟ್ಟುತ್ತೇನೆ, ಬೆನ್ನಿನ ಹುಣ್ಣು ನೋಡುತ್ತೇನೆ. ಸಂಬಳ ಇಲ್ಲ, ಕೆಲವು ಕಡೆ ಚಾ ಉಂಟು. ಇದನ್ನು ಅನುಭವದ ಲೆಕ್ಕಕ್ಕೆ ಯಾರೂ ತೆಗೆದುಕೊಳ್ಳುವುದಿಲ್ಲ, ಕೇಳಿ ನೋಡಿದ್ದೇನೆ.

2021ರಲ್ಲಿ ಮಂಜೇಶ್ವರದ ಶಾಸಕರು ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ನಮ್ಮ ಮನೆಯಲ್ಲಿ ಟೀವಿಯ ಸೌಂಡ್ ಜಾಸ್ತಿ ಮಾಡಿ ಕೇಳಿದ್ದೆವು. ಆಸ್ಪತ್ರೆಯಲ್ಲೂ ಅಷ್ಟೇ ಕೇಳುವುದು ನಾನು. ನಿಮ್ಮ ಪಕ್ಷ ಆಡಳಿತದಲ್ಲಿ ಉಂಟೋ ಇಲ್ಲವೋ, ಆರೋಗ್ಯ ಮಂತ್ರಿ ನಿಮ್ಮ ಮಾತು ಕೇಳುತ್ತಾರೋ ಇಲ್ಲವೋ, ಅದೆಲ್ಲ ನಿಮ್ಮ ತಲೆಬಿಸಿ. ಕನ್ನಡ ಬಲ್ಲ ನರ್ಸ್ ಹುದ್ದೆ ಮಾಡಿಸಿ. ವಯಸ್ಸಿನ ಮಿತಿ ಸಡಿಲಿಸಿ. 35ಕ್ಕೆ ಕೋರ್ಸಿಗೆ ಸೇರಿಸಿಕೊಂಡವರಿಗೆ ಒಂದು ಸಲವಾದರೂ ಪರೀಕ್ಷೆ ಬರೆಯಲು ಬಿಡಿ. ಫೇಲಾದರೆ ವಾಪಸು ಗೆರಸೆ ಹಿಡಿಯುತ್ತೇನೆ, ನಿಮ್ಮ ಹೆಸರು ಎತ್ತುವುದಿಲ್ಲ.

ಮತ್ತೆ, ಉತ್ತರ ಕನ್ನಡದಲ್ಲೇ ಕೊಡಿ. ಸಂವಿಧಾನದ 350ನೇ ವಿಧಿಯಲ್ಲಿ ನಮ್ಮ ಭಾಷೆಯಲ್ಲೇ ದೂರು ಕೊಡುವ ಹಕ್ಕು ಉಂಟು, ಕೊಟ್ಟಿದ್ದೇನೆ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಫೈಲು ಹಿಡಿದುಕೊಂಡು ನಿಮ್ಮ ಕಚೇರಿಗೇ ಬರುತ್ತೇನೆ. ಬಾಗಿಲಲ್ಲಿ ಇರುವವರಿಗೆ ಮೊದಲೇ ಹೇಳಿಡಿ, ನಾನು ಯಾರ ಬೈಸ್ಟಾಂಡರೂ ಅಲ್ಲ.

ಇತಿ,
ಎಣ್ಮಕಜೆ ಪಂಚಾಯತಿನ ಒಬ್ಬಳು ಮತದಾರಳು, ರಿಜಿಸ್ಟರ್ಡ್ ನರ್ಸ್