ಸಿಮೆಂಟ್ ಬೇಡ, ಸುಣ್ಣ ಕೊಡಿ: ಶಾಲೆಯ ಕೆಂಪುಕಲ್ಲಿನ ಕಟ್ಟಡಕ್ಕಾಗಿ ಮನವಿ

ಊರ ಹತ್ತು ಸಮಸ್ತರಿಗೂ ಹಳೆ ವಿದ್ಯಾರ್ಥಿಗಳಿಗೂ ನಮಸ್ಕಾರ.

ಹಳೆಯ ಕಟ್ಟಡದ ಬಿರುಕು ಕಂಡು ಹಲವರು ಸಿಮೆಂಟ್, ಪೈಂಟ್ ಕೊಡಲು ಮುಂದೆ ಬಂದಿದ್ದೀರಿ. ನಿಮ್ಮ ಪ್ರೀತಿಗೆ ಋಣಿಗಳು. ಆದರೆ ಈಗಲೇ ಬಿರುಕು ಮುಚ್ಚುವುದು ಬೇಡ. ಗೋಡೆಗೆ ಏನಾಗಿದೆ ಎಂದು ತಿಳಿಸುವುದು ಆ ಬಿರುಕೊಂದೇ.

ಮಂಗಳೂರು ಭೂಕಂಪ ನಕ್ಷೆಯ 3ನೇ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯದ ಪ್ರದೇಶ. 2022ರ ಜೂನ್ 28ರಂದು ಸುಳ್ಯ–ಕೊಡಗು ಗಡಿಯಲ್ಲಿ ಆದ ಕಂಪನದ ತೀವ್ರತೆ 3.0 ಮಾತ್ರ, ಮುಂದಿನದು ಅಷ್ಟಕ್ಕೇ ನಿಲ್ಲುತ್ತದೆಂದು ಗೋಡೆಯನ್ನು ಹಾಗೇ ಬಿಡಲಾಗದು.

ಕಿಟಕಿಗಳ ನಡುವೆ ಗುಣಾಕಾರ ಚಿಹ್ನೆಯಂತೆ ಓರೆಯಾಗಿ ಹಾದ ಬಿರುಕು ಭೂಕಂಪದ ಗುರುತು. ಗಾರೆಯ ಸಂದಿಯಲ್ಲಿ ಒಂದೇ ಕಡೆಗೆ ಮೆಟ್ಟಿಲಿನಂತೆ ಇಳಿದರೆ ಹೆಚ್ಚಾಗಿ ಅಡಿಪಾಯ ಕುಸಿದದ್ದು. ಮೂಲೆಯಲ್ಲಿ ನೆಟ್ಟಗೆದ್ದು ಮೇಲೆ ಹೋದಂತೆ ಅಗಲವಾದರೆ ಗೋಡೆ ಹೊರಕ್ಕೆ ವಾಲುತ್ತಿದೆ. ನಮಗೆ ಭಯವಿರುವುದು ಇದರದ್ದೇ. ಒಳಗೆ ಟಾರ್ಚ್ ಹಾಯಿಸಿದಾಗ ಜೇಡರ ಬಲೆ, ಹಾವಸೆ ಕಂಡರೆ ಹಳೆಯ ಬಿರುಕು. ಕಲ್ಲು ಹಸಿ ಕೆಂಪಾಗಿದ್ದರೆ ಹೊಸದು.

ಪ್ರತಿ ಬಿರುಕಿಗೂ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ತಾರೀಕು ಬರೆಯುತ್ತೇವೆ. ಗಿಲಾಯಿ (ಗೋಡೆಯ ಮೇಲಿನ ಗಾರೆಯ ಲೇಪ) ಕೆರೆದು ಕಲ್ಲಿನ ಮೇಲೆಯೇ ಕೂರಿಸಬೇಕು. ಇಲ್ಲದಿದ್ದರೆ ಗಿಲಾಯಿ ಎದ್ದು ಲೆಕ್ಕ ತಪ್ಪುತ್ತದೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಮಳೆಗಾಲದಲ್ಲೂ ಬೇಸಿಗೆಯಲ್ಲೂ ನೋಡದೆ ತೀರ್ಮಾನಿಸುವಂತಿಲ್ಲ. ಅಲ್ಲಿಯವರೆಗೆ ಆ ಕೋಣೆಗಳಲ್ಲಿ ಮಕ್ಕಳನ್ನು ಕೂರಿಸುವುದಿಲ್ಲ.

ಸಿಮೆಂಟ್ ಏಕೆ ಬೇಡ? ಕೆಂಪುಕಲ್ಲು ಮಳೆಗೆ ನೀರು ಕುಡಿದು ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಗಿಲಾಯಿ ಆ ನೀರನ್ನು ಒಳಗೇ ಕಟ್ಟಿಹಾಕುತ್ತದೆ. ಕಲ್ಲು ಮೆತ್ತಗಾಗಿ, ಗಿಲಾಯಿ ಹಪ್ಪಳದಂತೆ ಕಳಚುತ್ತದೆ. ಬದಲಿಗೆ ಅರಳಿಸಿದ ಚಿಪ್ಪಿನ ಸುಣ್ಣಕ್ಕೆ ನುಣ್ಣನೆಯ ಇಟ್ಟಿಗೆ ಪುಡಿ ಬೆರೆಸಿ ಬಿರುಕಿಗೆ ತುಂಬುತ್ತೇವೆ. ಗಾಳಿಯಾಡದ ಗೋಡೆಯ ಒಳಗೆ ಬರೀ ಸುಣ್ಣ ಗಟ್ಟಿಯಾಗುವುದಿಲ್ಲ, ಅದಕ್ಕೆ ಆ ಪುಡಿ. ಬಿರುಕಿನ ಉದ್ದಕ್ಕೂ ಅಡಿಗೊಂದು ತೂತು ಕೊರೆದು, ಮೊದಲು ನೀರು ಬಿಟ್ಟು ಕಲ್ಲನ್ನು ತೋಯಿಸಿ, ಕೆಳಗಿನಿಂದಲೇ ತುಂಬಬೇಕು. ಮೇಲಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಪೊಳ್ಳು ಉಳಿಯುತ್ತದೆ.

ಬೇಕಾಗಿರುವುದು: 40 ಗಾಜಿನ ಪಟ್ಟಿ, ವಾಲುವಿಕೆ ಅಳೆಯಲು 2 ತೂಗುಗುಂಡು, ಚಿಪ್ಪಿನ ಸುಣ್ಣ, ಇಟ್ಟಿಗೆ ಪುಡಿ, ಹಳೆ ಕಟ್ಟಡ ಬಲ್ಲ ಎಂಜಿನಿಯರರ ಎರಡು ಭೇಟಿಯ ಶುಲ್ಕ, ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳ ಸಂಬಳ. ಹಣವಾಗಲಿ ವಸ್ತುವಾಗಲಿ ಶಾಲಾ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಸಾರುವೆಗೆ ಬಿದಿರು, ಅಡಿಕೆ ಮರ ಕೊಡುವವರು ಮಳೆ ಹಿಡಿಯುವ ಮೊದಲೇ ತಿಳಿಸಿ. ಮಾಡಿನ ಕೆಳಗಿನ ತ್ರಿಕೋನ ಗೋಡೆಗೆ ಆಧಾರ ಕೊಡುವ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕಿದೆ.